ಬೇಟೆಗೆ ಹೆಚ್ಚುವರಿ ತೋಟಾ ಹೇಗೆ ಒಯ್ಯಬೇಕು? ವೈರಲ್ ಸಲಹೆಗಳಲ್ಲಿ ನಿಜವೆಷ್ಟು, ಸುಳ್ಳೆಷ್ಟು?

ಪಟ್ಟದಕಲ್ಲಿನಲ್ಲಿರುವ ನಮ್ಮ ಕಾಕಾ ವಾಟ್ಸ್‌ಆ್ಯಪ್‌ನಲ್ಲಿ ಏನೇ ಬಂದರೂ ಮೊದಲು ನನಗೆ ಕಳಿಸುತ್ತಾರೆ. ಕೆಳಗೆ ಒಂದು ಧ್ವನಿ ಸಂದೇಶ ಇದ್ದೇ ಇರುತ್ತದೆ. ಈ ಸಲ ಬಂದದ್ದು ಹೀಗಿತ್ತು: "ಯವ್ವಾ, ಇದನ್ನೊಂಚೂರು ನೋಡವಾ. ಖರೆ ಐತೇನ? ಖರೆ ಇದ್ರ ನಮ್ಮ ರೈತರ ಗ್ರೂಪಿಗೆ ಹಾಕ್ತೀನಿ."

ಮಲಪ್ರಭೆಯ ದಂಡೆಯಲ್ಲಿ ಕಾಕಾಗೆ ಕಬ್ಬು ಮತ್ತು ಗೋವಿನಜೋಳದ ಹೊಲವಿದೆ. ರಾತ್ರಿ ಕಾಡುಹಂದಿ ನುಗ್ಗಿದರೆ ಬೆಳಿಗ್ಗೆ ಹೊಲ ನೋಡಲು ಮನಸ್ಸು ಬರುವುದಿಲ್ಲ. ಬೆಳೆ ಕಾಯಲೆಂದು ಅಜ್ಜನ ಕಾಲದ ಒಂದು ನಾಡಬಂದೂಕು ಮನೆಯಲ್ಲಿದೆ, ಅದಕ್ಕೆ ಲೈಸೆನ್ಸೂ ಇದೆ. ಹಾಗಾಗಿ "ಬೇಟೆಗೆ ಹೋಗುವಾಗ ಹೆಚ್ಚುವರಿ ತೋಟಾ ಒಯ್ಯುವುದು ಹೇಗೆ? ಏಳು ಸಲಹೆಗಳು" ಎಂಬ ತಲೆಬರಹ ಕಂಡರೆ ಅವರು ಓದದೆ ಬಿಡುವವರಲ್ಲ.

ಆ ಏಳು ಸಲಹೆಗಳನ್ನು ಒಂದೊಂದಾಗಿ ಪರಿಶೀಲಿಸಿದೆ. ಒಂದೆರಡರಲ್ಲಿ ಅರ್ಧ ಸತ್ಯವಿದೆ. ಉಳಿದವು ಜೈಲಿಗೋ ಆಸ್ಪತ್ರೆಗೋ ದಾರಿ ಮಾಡುವಂಥವು. ನಿಮ್ಮ ಗ್ರೂಪಿಗೂ ಇಂಥ ಸಂದೇಶ ಬಂದಿದ್ದರೆ ಮುಂದೆ ಕಳಿಸುವ ಮೊದಲು ಇದನ್ನು ಓದಿ.

ಮೊದಲು ಒಂದು ಸರಳ ಪ್ರಶ್ನೆ: ಬಾಣಕ್ಕೂ ತೋಟಾಕ್ಕೂ ಏನು ವ್ಯತ್ಯಾಸ?

ಪಟ್ಟದಕಲ್ಲಿಗೆ ಹೋದವರು ಪಾಪನಾಥ ದೇವಾಲಯದ ಹೊರಗೋಡೆಯನ್ನು ನೋಡಿರುತ್ತೀರಿ. ರಾಮಾಯಣದ ಪ್ರಸಂಗಗಳು ಅಲ್ಲಿವೆ. ಬೇಡನ ವೇಷದ ಶಿವನಿಗೂ ಅರ್ಜುನನಿಗೂ ನಡೆದ ಕಾಳಗವೂ ಇದೆ. ಅದು ಶುರುವಾಗುವುದೇ ಒಂದು ಹಂದಿಯನ್ನು ಯಾರು ಹೊಡೆದರು ಎಂಬ ಜಗಳದಿಂದ! ಆ ಕಾಲದ ಬೇಟೆಗಾರನ "ಹೆಚ್ಚುವರಿ ಮದ್ದುಗುಂಡು" ಎಂದರೆ ಬೆನ್ನಿಗೆ ಕಟ್ಟಿದ ಬತ್ತಳಿಕೆಯೊಳಗಿನ ಬಾಣಗಳು.

ಬಾಣಕ್ಕೆ ಸ್ವಂತ ಶಕ್ತಿಯಿಲ್ಲ. ಶಕ್ತಿ ಇರುವುದು ಬಿಲ್ಲನ್ನು ಎಳೆಯುವ ತೋಳಿನಲ್ಲಿ. ಬತ್ತಳಿಕೆಗೆ ಬಿಸಿಲು ಬಿದ್ದರೂ, ಅದು ಕೆಳಗೆ ಬಿದ್ದರೂ ಬಾಣ ತಾನಾಗಿ ಹಾರುವುದಿಲ್ಲ. ತೋಟಾ ಹಾಗಲ್ಲ, ತನ್ನ ಶಕ್ತಿಯನ್ನು ಹೊಟ್ಟೆಯೊಳಗೇ ಇಟ್ಟುಕೊಂಡಿರುತ್ತದೆ. ಅದರೊಳಗೆ ನಾಲ್ಕು ಭಾಗಗಳಿವೆ. ಹೊರಗಿನ ಕವಚ, ತಳದಲ್ಲಿ ಪೆಟ್ಟು ಬಿದ್ದರೆ ಕಿಡಿ ಹಾರಿಸುವ ಪುಟ್ಟ ಕೇಪು, ಅದರ ಮೇಲೆ ಮದ್ದು, ತುದಿಯಲ್ಲಿ ಗುಂಡು ಅಥವಾ ಚರ್ರೆ. ನಾಡಬಂದೂಕಿನಲ್ಲಾದರೆ ಇವೆಲ್ಲ ಬೇರೆಬೇರೆಯಾಗಿರುತ್ತವೆ. ಕಪ್ಪು ಮದ್ದು ಒಂದು ಡಬ್ಬಿಯಲ್ಲಿ, ಚರ್ರೆ ಇನ್ನೊಂದರಲ್ಲಿ, ಕೇಪು ಮತ್ತೊಂದರಲ್ಲಿ.

ಹಾಗಾಗಿ ತೋಟಾ ಒಯ್ಯುವುದೆಂದರೆ ಯಾವ ಚೀಲ, ಯಾವ ಪಟ್ಟಿ ಎನ್ನುವಷ್ಟಕ್ಕೇ ಮುಗಿಯುವುದಿಲ್ಲ. ಕಿಡಿ, ಬಿಸಿ, ಪೆಟ್ಟು ಮತ್ತು ಕಾನೂನು ಈ ನಾಲ್ಕರಿಂದಲೂ ಅದನ್ನು ದೂರ ಇಡಬೇಕು. ಈಗ ಸಲಹೆಗಳಿಗೆ ಬರೋಣ.

ಸಲಹೆ 1: "ಹಲಗಲಿ ಬೇಡರ ನೆಲದವರು ನಾವು. ಕೊಡಗಿನವರಿಗೆ ಇರುವಂತೆ ನಮಗೂ ಲೈಸೆನ್ಸ್ ಬೇಕಿಲ್ಲ."

ಸುಳ್ಳು. ಆದರೆ ಇದು ಹುಟ್ಟಿದ್ದು ಎರಡು ನಿಜ ಸಂಗತಿಗಳನ್ನು ಕಲಸಿದ್ದರಿಂದ.

ಮೊದಲನೆಯದು ಹಲಗಲಿ. 1857ರಲ್ಲಿ ಬ್ರಿಟಿಷರು ಆಯುಧಗಳ ಮೇಲೆ ಕಾಯ್ದೆ ತಂದರು. ಆಯುಧಗಳನ್ನು ಒಪ್ಪಿಸಬೇಕು, ಅನುಮತಿ ಇಲ್ಲದೆ ಇಟ್ಟುಕೊಳ್ಳುವಂತಿಲ್ಲ ಎಂದರು. ಬೇಟೆಯನ್ನೇ ಬದುಕಾಗಿಸಿಕೊಂಡಿದ್ದ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ಅದೇ ವರ್ಷದ ನವೆಂಬರ್‌ನಲ್ಲಿ ಸೈನ್ಯ ಊರನ್ನು ಮುತ್ತಿ ಬೆಂಕಿ ಇಟ್ಟಿತು. ಡಿಸೆಂಬರ್‌ನಲ್ಲಿ ಸೆರೆಸಿಕ್ಕವರನ್ನು ಮುಧೋಳದಲ್ಲೂ ಹಲಗಲಿಯಲ್ಲೂ ಗಲ್ಲಿಗೇರಿಸಿದರು. ಇದರ ಲಾವಣಿಯನ್ನು ಜೆ.ಎಫ್. ಫ್ಲೀಟ್ ಸಂಗ್ರಹಿಸಿದರು. ನಮ್ಮಲ್ಲಿ ಅನೇಕರು ಅದನ್ನು ಶಾಲೆಯಲ್ಲಿ ಓದಿದ್ದೇವೆ. ಇದು ಹೆಮ್ಮೆಯ, ನೋವಿನ ಇತಿಹಾಸ. ಆದರೆ ಇದರಿಂದ ಇವತ್ತಿನ ಯಾರಿಗೂ ಲೈಸೆನ್ಸ್ ವಿನಾಯಿತಿ ಬಂದಿಲ್ಲ.

ಎರಡನೆಯದು ಕೊಡಗು. ಅಲ್ಲಿನ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಆಯುಧ ಕಾಯ್ದೆಯಡಿ ಕೇಂದ್ರ ಸರ್ಕಾರ ವಿನಾಯಿತಿ ಕೊಟ್ಟಿದೆ. 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಲಾಯಿತು. ಈ ವಿನಾಯಿತಿ ಆ ಜಿಲ್ಲೆಯ ಆ ಜನರಿಗೆ ಮಾತ್ರ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನವರಿಗೆ ಅದು ಅನ್ವಯಿಸುವುದಿಲ್ಲ. ಇನ್ನೂ ಮುಖ್ಯವಾದ ಮಾತು, ಅದು ಬಂದೂಕು ಇಟ್ಟುಕೊಳ್ಳುವ ಲೈಸೆನ್ಸಿನಿಂದ ವಿನಾಯಿತಿ. ಬೇಟೆಯಾಡಲು ಅನುಮತಿ ಅಲ್ಲ. ವನ್ಯಜೀವಿ ಕಾಯ್ದೆ ಕೊಡಗಿಗೂ ಅಷ್ಟೇ ಅನ್ವಯ.

ಆಯುಧ ಕಾಯ್ದೆ 1959ರ ಪ್ರಕಾರ ಬಂದೂಕಿಗೆ ಮಾತ್ರವಲ್ಲ, ತೋಟಾಕ್ಕೂ ಲೈಸೆನ್ಸ್ ಬೇಕು. ಯಾವ ಬಗೆಯ ತೋಟಾ, ಎಷ್ಟು ಎಂಬುದು ಲೈಸೆನ್ಸ್ ಪುಸ್ತಕದಲ್ಲೇ ಬರೆದಿರುತ್ತದೆ. ಅದಕ್ಕಿಂತ ಹೆಚ್ಚು ಇದ್ದರೆ ಆ ಹೆಚ್ಚಿನದಕ್ಕೆ ಲೈಸೆನ್ಸ್ ಇಲ್ಲ ಎಂದೇ ಅರ್ಥ. ಲೈಸೆನ್ಸ್ ಯಾವ ಪ್ರದೇಶಕ್ಕೆ ಮಾನ್ಯ ಎಂಬುದೂ ಅದರಲ್ಲೇ ಇರುತ್ತದೆ. ಜಿಲ್ಲೆಗೆ ಮಾತ್ರ ಮಾನ್ಯವಾದ ಲೈಸೆನ್ಸ್ ಇಟ್ಟುಕೊಂಡು ಗಡಿ ದಾಟಿ ಸೊಲ್ಲಾಪುರಕ್ಕೆ ತೋಟಾ ಒಯ್ಯುವಂತಿಲ್ಲ.

ಸಲಹೆ 2: "ಬೆಳೆ ರಕ್ಷಣೆಯ ಲೈಸೆನ್ಸ್ ಇದ್ದರೆ ಹಂದಿ ಹೊಡೆಯಬಹುದು. ಹೆಚ್ಚುವರಿ ತೋಟಾ ಇಟ್ಟುಕೊಂಡು ರಾತ್ರಿ ಬೇಟೆಗೆ ಹೋಗಿ."

ಸುಳ್ಳು, ಮತ್ತು ಏಳರಲ್ಲಿ ಅತ್ಯಂತ ಅಪಾಯಕಾರಿ.

ಬೆಳೆ ರಕ್ಷಣೆಗೆ ಬಂದೂಕಿನ ಲೈಸೆನ್ಸ್ ಕೊಡುವುದು ನಿಜ. ಆಯುಧ ಕಾಯ್ದೆಯೇ ನಾಡಬಂದೂಕನ್ನು, ಅಂದರೆ ನಳಿಗೆಯ ಬಾಯಿಂದ ಮದ್ದು ತುಂಬುವ ಬಂದೂಕನ್ನು ಬೆಳೆ ರಕ್ಷಣೆಯ ಉದ್ದೇಶಕ್ಕೆ ಹೆಸರಿಸುತ್ತದೆ. ಆದರೆ ಲೈಸೆನ್ಸ್ ಹೇಳುವುದು "ಈ ಆಯುಧ ನಿಮ್ಮ ಬಳಿ ಇರಬಹುದು" ಎಂದಷ್ಟೇ. "ಪ್ರಾಣಿ ಕೊಲ್ಲಬಹುದು" ಎಂದು ಅದು ಹೇಳುವುದಿಲ್ಲ. ಅದಕ್ಕೆ ಬೇರೆಯದೇ ಕಾನೂನಿದೆ.

ಅದು ವನ್ಯಜೀವಿ ಸಂರಕ್ಷಣಾ ಕಾಯ್ದೆ 1972. ಹಿಂದೆ ಅದರಲ್ಲಿ ಬೇಟೆಗೂ ಲೈಸೆನ್ಸ್ ಕೊಡುವ ವ್ಯವಸ್ಥೆ ಇತ್ತು. 1991ರ ತಿದ್ದುಪಡಿ ಅದನ್ನು ಕಿತ್ತುಹಾಕಿತು. ಅಂದರೆ ಇವತ್ತು ಮನರಂಜನೆಗಾಗಿ "ಬೇಟೆ ಪ್ರವಾಸ" ಎಂಬುದೇ ನಮ್ಮ ದೇಶದಲ್ಲಿ ಕಾನೂನುಬದ್ಧವಾಗಿ ಇಲ್ಲ. ಇಂಥ ಸಂದೇಶಗಳಲ್ಲಿ ಬರುವ ಬೆಲ್ಟು, ಜಾಕೆಟ್ಟುಗಳ ಫೋಟೋಗಳು ಹೆಚ್ಚಾಗಿ ಬೇಟೆಗೆ ಅನುಮತಿ ಇರುವ ಬೇರೆ ದೇಶಗಳವು.

ಕಾಯ್ದೆಯಲ್ಲಿ "ಬೇಟೆ" ಎಂದರೆ ಕೊಲ್ಲುವುದು ಮಾತ್ರವಲ್ಲ. ಹಿಡಿಯುವುದು, ಉರುಳು ಹಾಕುವುದು, ಅಟ್ಟಿಸಿಕೊಂಡು ಹೋಗುವುದು, ಇವುಗಳಿಗೆ ಪ್ರಯತ್ನಿಸುವುದು ಎಲ್ಲವೂ ಬೇಟೆಯೇ. ಕಾಡುಹಂದಿ 2022ರ ತಿದ್ದುಪಡಿಯ ನಂತರ ಎರಡನೇ ಅನುಸೂಚಿಯಲ್ಲಿದೆ. ಅದು ಜೀವಕ್ಕೆ ಅಥವಾ ಬೆಳೆಗೆ ಅಪಾಯ ತಂದಿದೆ ಎಂದು ಮನವರಿಕೆಯಾದರೆ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ ಕಾರಣ ನಮೂದಿಸಿ ಬರವಣಿಗೆಯಲ್ಲಿ ಅನುಮತಿ ಕೊಡಬಹುದು. ಆ ಕಾಗದ ಕೈಯಲ್ಲಿ ಇಲ್ಲದೆ ಹಂದಿ ಹೊಡೆದರೆ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಬಂದೂಕು ಹೋಗುತ್ತದೆ, ಬಳಸಿದ ಬೈಕು ಹೋಗುತ್ತದೆ. ಪ್ರಾಣಿ ಮೈಮೇಲೆ ಬಂದಾಗ ಜೀವ ಉಳಿಸಿಕೊಳ್ಳಲು ಸದುದ್ದೇಶದಿಂದ ಹೊಡೆದರೆ ಅದು ಅಪರಾಧವಲ್ಲ. ಆದರೆ ರಾತ್ರಿ ತೋಟಾದ ಪಟ್ಟಿ ಕಟ್ಟಿಕೊಂಡು ಹುಡುಕಿಕೊಂಡು ಹೋದವನು "ಜೀವ ಉಳಿಸಿಕೊಂಡೆ" ಎಂದರೆ ಯಾರು ನಂಬುತ್ತಾರೆ?

ನಮ್ಮ ಜಿಲ್ಲೆಯವರು ಗಮನಿಸಬೇಕಾದದ್ದು ಇನ್ನೊಂದಿದೆ. ಬೀಳಗಿ ಮತ್ತು ಮುಧೋಳ ತಾಲ್ಲೂಕುಗಳಲ್ಲಿ ಯಡಹಳ್ಳಿ ಚಿಂಕಾರ ವನ್ಯಜೀವಿ ಧಾಮ ಇದೆ. ಸುಮಾರು 96 ಚದರ ಕಿಲೋಮೀಟರ್ ಕುರುಚಲು ಕಾಡು. ವನ್ಯಜೀವಿ ಧಾಮದೊಳಗೆ ಲಿಖಿತ ಅನುಮತಿ ಇಲ್ಲದೆ ಯಾವುದೇ "ಆಯುಧ" ಒಯ್ಯುವಂತಿಲ್ಲ. ಕಾಯ್ದೆಯ ಅರ್ಥದಲ್ಲಿ ಆಯುಧ ಎಂದರೆ ಬಂದೂಕು ಮಾತ್ರವಲ್ಲ. ತೋಟಾ, ಬಿಲ್ಲು ಬಾಣ, ಬಲೆ, ಉರುಳು, ವಿಷ ಎಲ್ಲವೂ ಸೇರುತ್ತವೆ. ಬಂದೂಕು ಮನೆಯಲ್ಲೇ ಬಿಟ್ಟು, ಅಂಗಿ ಜೇಬಿನಲ್ಲಿ ಮರೆತ ಒಂದು ತೋಟಾದೊಂದಿಗೆ ಧಾಮದೊಳಗೆ ಕಾಲಿಟ್ಟರೂ ಆಯುಧ ಒಯ್ದಂತೆಯೇ. ಧಾಮದ 10 ಕಿಲೋಮೀಟರ್ ಒಳಗೆ ವಾಸಿಸುವ ಬಂದೂಕು ಲೈಸೆನ್ಸ್‌ದಾರರು ತಮ್ಮ ಹೆಸರನ್ನು ಅರಣ್ಯ ಇಲಾಖೆಯಲ್ಲಿ ನೋಂದಾಯಿಸಬೇಕೆಂಬ ನಿಯಮವೂ ಇದೆ.

ಹಾಗಾದರೆ ಬೆಳೆ ಹಾಳಾದ ರೈತ ಏನು ಮಾಡಬೇಕು? ಹಾನಿಯ ಫೋಟೋ ತೆಗೆದು, ಪಹಣಿಯೊಂದಿಗೆ ಹತ್ತಿರದ ವಲಯ ಅರಣ್ಯಾಧಿಕಾರಿ ಕಚೇರಿಗೆ ಅರ್ಜಿ ಕೊಡಬೇಕು. ಅರಣ್ಯ ಇಲಾಖೆಯ ಇ-ಪರಿಹಾರ ವ್ಯವಸ್ಥೆಯಲ್ಲಿ ಅದು ದಾಖಲಾಗುತ್ತದೆ. ಪರಿಹಾರ ಪೂರ್ತಿ ನಷ್ಟ ತುಂಬುವುದಿಲ್ಲ ಎಂದು ಕಾಕಾ ಸಿಟ್ಟಾಗುತ್ತಾರೆ, ಆ ಸಿಟ್ಟಿನಲ್ಲಿ ನ್ಯಾಯವಿದೆ. ಆದರೆ ದೂರು ದಾಖಲಾಗದಿದ್ದರೆ ಹಂದಿಯ ಕಾಟವೇ ಇಲ್ಲ ಎಂದು ಕಾಗದ ಹೇಳುತ್ತದೆ. ಮುಂದೆ ಅನುಮತಿ ಕೇಳಲೂ ಆ ದಾಖಲೆಯೇ ಆಧಾರ.

ಸಲಹೆ 3: "ತೋಟಾಗಳನ್ನು ಕಾರಿನಲ್ಲಿ ಇಡಬೇಡಿ. ನಮ್ಮ ಬಿಸಿಲಿಗೆ ಸಿಡಿದು ಗುಂಡು ಹಾರುತ್ತದೆ."

ಅರ್ಧ ಸತ್ಯ. ಕಾರಿನಲ್ಲಿ ಇಡಬಾರದು ಎಂಬುದು ಸರಿ. ಹೇಳಿದ ಕಾರಣ ತಪ್ಪು.

ಬಾಗಲಕೋಟೆಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಗಾಜು ಮುಚ್ಚಿದ ಕಾರಿನೊಳಗೆ 60-70 ಡಿಗ್ರಿ ಆಗಬಹುದು. ಆದರೆ ಆಧುನಿಕ ತೋಟಾದೊಳಗಿನ ಹೊಗೆರಹಿತ ಮದ್ದು ತಾನಾಗಿ ಹೊತ್ತಿಕೊಳ್ಳಲು ಸುಮಾರು 150 ಡಿಗ್ರಿಗಿಂತ ಹೆಚ್ಚು ಬೇಕು. ಬರೀ ಬಿಸಿಲಿಗೆ ಒಳ್ಳೆಯ ಸ್ಥಿತಿಯಲ್ಲಿರುವ ತೋಟಾ ಸಿಡಿಯುವುದಿಲ್ಲ.

ಬೆಂಕಿಗೆ ಬಿದ್ದರೆ ಸಿಡಿಯುತ್ತದೆ. ಆಗಲೂ ಸಿನಿಮಾದಲ್ಲಿ ತೋರಿಸುವಂತೆ ಗುಂಡು ಬಂದೂಕಿನ ವೇಗದಲ್ಲಿ ಹಾರುವುದಿಲ್ಲ. ಗುಂಡಿಗೆ ವೇಗ ಬರುವುದು ನಳಿಗೆಯಿಂದ. ಮದ್ದು ಉರಿದು ಹುಟ್ಟುವ ಅನಿಲ ನಾಲ್ಕೂ ಕಡೆ ಗಟ್ಟಿ ಉಕ್ಕಿನ ನಡುವೆ ಸಿಕ್ಕಿಕೊಂಡು, ಒಂದೇ ದಾರಿಯಲ್ಲಿ ಗುಂಡನ್ನು ತಳ್ಳುತ್ತದೆ. ನಳಿಗೆ ಇಲ್ಲದಿದ್ದರೆ ಕವಚವೇ ಹರಿದುಹೋಗುತ್ತದೆ. ಗುಂಡಿಗಿಂತ ಹಗುರವಾದ ಕವಚದ ಚೂರು, ಕೇಪು ಹೆಚ್ಚು ವೇಗವಾಗಿ ಹಾರುತ್ತವೆ. ದೂರ ಹೋಗದಿದ್ದರೂ ಹತ್ತಿರ ಇದ್ದವರ ಕಣ್ಣು ಕಳೆಯಲು ಅವು ಸಾಕು. ಮಕ್ಕಳು ಸಿಕ್ಕ ತೋಟಾವನ್ನು ಆಟಕ್ಕೆಂದು ಒಲೆಗೆ ಹಾಕಬಾರದು ಎನ್ನುವುದು ಇದಕ್ಕೇ.

ಕಾರಿನಲ್ಲಿ ಇಡಬಾರದು ಎನ್ನಲು ನಿಜವಾದ ಕಾರಣ ಎರಡು. ಒಂದು, ಪದೇ ಪದೇ ಬಿಸಿ ಹತ್ತಿ ಮದ್ದು, ಕೇಪು ಕೆಡುತ್ತವೆ. ಕೆಟ್ಟ ತೋಟಾ ಒಮ್ಮೊಮ್ಮೆ ಕುದುರೆ ಎಳೆದ ತಕ್ಷಣ ಹಾರದೆ ಕ್ಷಣ ತಡೆದು ಹಾರುತ್ತದೆ. "ಹಾರಲಿಲ್ಲ" ಎಂದು ನಳಿಗೆ ತಿರುಗಿಸಿ ನೋಡಿದವನ ಗತಿ ಹೇಳಬೇಕಿಲ್ಲ. ಹಾರದಿದ್ದರೆ ನಳಿಗೆಯನ್ನು ಯಾರೂ ಇಲ್ಲದ ದಿಕ್ಕಿಗೇ ಹಿಡಿದು ಕನಿಷ್ಠ ಒಂದು ನಿಮಿಷ ಕಾಯಬೇಕು. ಎರಡು, ಕಾರು ಕಳವಾದರೆ ತೋಟಾವೂ ಕಳವಾಗುತ್ತದೆ. ಅದಕ್ಕೆ ಉತ್ತರ ಕೊಡಬೇಕಾದವರು ಲೈಸೆನ್ಸ್‌ದಾರರೇ.

ಸಲಹೆ 4: "ಮೊಬೈಲ್ ಇರುವ ಜೇಬಿನಲ್ಲಿ ತೋಟಾ ಇಟ್ಟರೆ ಕರೆ ಬಂದಾಗ ಸಿಡಿಯುತ್ತದೆ."

ಸುಳ್ಳು. ಬಂದೂಕಿನ ತೋಟಾದ ಕೇಪು ಕಿಡಿ ಹಾರಿಸುವುದು ಪೆಟ್ಟು ಬಿದ್ದಾಗ. ಅದರಲ್ಲಿ ತಂತಿ ಇಲ್ಲ, ವಿದ್ಯುತ್ ಇಲ್ಲ. ಮೊಬೈಲಿನ ತರಂಗಕ್ಕೆ ಅದು ಹೊತ್ತಿಕೊಳ್ಳುವುದಿಲ್ಲ.

ಈ ನಂಬಿಕೆ ಎಲ್ಲಿಂದ ಬಂದಿರಬಹುದು? ಇಳಕಲ್ಲಿನ ಸುತ್ತ ಕಲ್ಲಿನ ಕ್ವಾರಿಗಳಿವೆ. ಬಂಡೆ ಸಿಡಿಸಲು ವಿದ್ಯುತ್ ಡಿಟೋನೇಟರ್ ಬಳಸುವ ಕ್ವಾರಿಗಳಲ್ಲಿ ಮೊಬೈಲ್, ವೈರ್‌ಲೆಸ್ ಬಳಸಬೇಡಿ ಎಂಬ ಎಚ್ಚರಿಕೆ ಇರುತ್ತದೆ. ಆ ಡಿಟೋನೇಟರಿಗೆ ಉದ್ದ ತಂತಿಗಳಿರುತ್ತವೆ. ಹತ್ತಿರದ ರೇಡಿಯೋ ತರಂಗದಿಂದ ಆ ತಂತಿಯಲ್ಲಿ ವಿದ್ಯುತ್ ಹರಿಯುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ. ಅಲ್ಲಿ ಆ ಎಚ್ಚರಿಕೆ ಸರಿ. ತೋಟಾಕ್ಕೆ ಅದನ್ನು ಅಂಟಿಸಿದ್ದು ತಪ್ಪು.

ಆದರೂ ಮೊಬೈಲ್, ಕೀಲಿಕೈ, ಚಿಲ್ಲರೆ ಇರುವ ಜೇಬಿನಲ್ಲಿ ತೋಟಾ ಇಡಬೇಡಿ. ಗಟ್ಟಿ ಲೋಹದ ಮೊನೆ ಕೇಪಿಗೆ ಬಲವಾಗಿ ಬಡಿಯುವುದು ಅಪರೂಪ, ಆದರೆ ಆಗದೇ ಇರುವಂಥದ್ದಲ್ಲ. ಜೊತೆಗೆ ಮೊಬೈಲ್ ತೆಗೆಯುವಾಗ ತೋಟಾ ಜಾರಿ ಬಿದ್ದರೆ ನಿಮಗೆ ಗೊತ್ತೇ ಆಗುವುದಿಲ್ಲ.

ಸಲಹೆ 5: "ಸಿಕ್ಕ ತೋಟಾಗಳನ್ನೆಲ್ಲ ಒಂದೇ ಚೀಲಕ್ಕೆ ಹಾಕಿಕೊಳ್ಳಿ. ಕತ್ತಲಲ್ಲಿ ಬೇಗ ಸಿಗುತ್ತದೆ."

ಸುಳ್ಳು. ಈ ಸಲಹೆ ನಳಿಗೆಯನ್ನೇ ಒಡೆಯಬಲ್ಲದು.

ಚರ್ರೆ ತೋಟಾಗಳಲ್ಲಿ 12 ಬೋರ್, 16 ಬೋರ್, 20 ಬೋರ್ ಎಂಬ ಅಳತೆಗಳಿವೆ. ಅಂಕಿ ದೊಡ್ಡದಾದಷ್ಟೂ ತೋಟಾ ಸಣ್ಣದು. 12 ಬೋರ್ ಬಂದೂಕಿಗೆ ತಪ್ಪಿ 20 ಬೋರ್ ತೋಟಾ ಹಾಕಿದರೆ ಅದು ಒಳಗೆ ಜಾರಿ ನಳಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ನೋಡಿದರೆ ಖಾಲಿ ಎನಿಸುತ್ತದೆ. "ಹಾಕಿಲ್ಲವಲ್ಲ" ಎಂದು ಇನ್ನೊಂದು 12 ಬೋರ್ ತೋಟಾ ಹಾಕಿ ಹಾರಿಸಿದರೆ ಮುಂದಿನ ದಾರಿ ಮುಚ್ಚಿರುತ್ತದೆ, ನಳಿಗೆ ಕೈಯಲ್ಲೇ ಒಡೆಯುತ್ತದೆ. ಗೊಂದಲ ತಪ್ಪಿಸಲೆಂದೇ ಅನೇಕ ತಯಾರಕರು 20 ಬೋರ್ ತೋಟಾಕ್ಕೆ ಹಳದಿ ಬಣ್ಣ ಕೊಡುತ್ತಾರೆ. ಆದರೆ ಕತ್ತಲಲ್ಲಿ ಬಣ್ಣ ಕಾಣುವುದಿಲ್ಲ.

ನಿಯಮ ಸರಳ. ಒಂದು ಬಂದೂಕು, ಒಂದೇ ಅಳತೆಯ ತೋಟಾ, ಒಂದು ಚೀಲ. ಹಾರಿಸಿದ ಖಾಲಿ ಕವಚ, ಹಾರದೇ ಉಳಿದ ತೋಟಾ ಎರಡಕ್ಕೂ ಬೇರೆಬೇರೆ ಜಾಗ.

ಸಲಹೆ 6: "ನಾಡಬಂದೂಕಿನವರು ಮದ್ದನ್ನು ಸಣ್ಣ ಬಾಟಲಿಯಲ್ಲಿ ಜೇಬಿನಲ್ಲಿ ಇಟ್ಟುಕೊಳ್ಳಿ. ಅಲ್ಲಿಂದಲೇ ನೇರವಾಗಿ ನಳಿಗೆಗೆ ಸುರಿಯಿರಿ."

ಇದನ್ನು ಓದಿದಾಗ ನನಗೆ ಕಾಕಾನ ಎಡ ಅಂಗೈ ನೆನಪಾಯಿತು. ಸಣ್ಣವಳಿದ್ದಾಗ ಆ ಸುಟ್ಟ ಕಲೆಯ ಬಗ್ಗೆ ಕೇಳಿದರೆ "ದೀಪಾವಳ್ಯಾಗ ಪಟಾಕಿ ಸಿಡೀತು" ಎನ್ನುತ್ತಿದ್ದರು. ನಿಜ ಹೇಳಿದ್ದು ಈಗ, ಈ ಲೇಖನಕ್ಕೆಂದು ಕೇಳಿದಾಗ. ಹರೆಯದಲ್ಲಿ ಹೊಲದಲ್ಲಿ ಒಂದು ಸಲ ಬಂದೂಕು ಹಾರಿಸಿ, ಕೂಡಲೇ ಎರಡನೇ ಸಲಕ್ಕೆ ಡಬ್ಬಿಯಿಂದ ನೇರವಾಗಿ ಮದ್ದು ಸುರಿದಿದ್ದರಂತೆ. ನಳಿಗೆಯೊಳಗೆ ಹಿಂದಿನ ಕಿಡಿ ಇನ್ನೂ ಆರಿರಲಿಲ್ಲ. "ಡಬ್ಬಿ ಸಣ್ಣದಿತ್ತು, ಅದಕ್ಕ ಕೈ ಉಳೀತು" ಎಂದರು.

ಕಪ್ಪು ಮದ್ದು ಆಧುನಿಕ ಹೊಗೆರಹಿತ ಮದ್ದಿಗಿಂತ ಬಹಳ ಬೇರೆ. ಒಂದು ಕಿಡಿ ತಾಗಿದರೆ ಸಾಕು, ಇದ್ದದ್ದೆಲ್ಲ ಒಮ್ಮೆಗೇ ಹೊತ್ತಿಕೊಳ್ಳುತ್ತದೆ. ಬೀಡಿಯ ಕೆಂಡವೇ 500 ಡಿಗ್ರಿಗಿಂತ ಬಿಸಿ ಇರುತ್ತದೆ. ಸಾಗಾಟದ ಅಂತಾರಾಷ್ಟ್ರೀಯ ವರ್ಗೀಕರಣದಲ್ಲಿ ಬಂದೂಕಿನ ಮಾಮೂಲಿ ತೋಟಾಗಳು ಸಾಮಾನ್ಯವಾಗಿ ಸ್ಫೋಟಕಗಳಲ್ಲೇ ಕಡಿಮೆ ಅಪಾಯದ 1.4 ವರ್ಗಕ್ಕೆ ಸೇರಿದರೆ, ಸಡಿಲ ಕಪ್ಪು ಮದ್ದು ಸೇರುವುದು ಇಡಿಯಾಗಿ ಸ್ಫೋಟಿಸಬಲ್ಲ ವಸ್ತುಗಳ 1.1 ವರ್ಗಕ್ಕೆ. ಎಲ್ಲರೂ ಹೆದರುವುದು ಹೊಳೆಯುವ ತೋಟಾಕ್ಕೆ. ಹೆಚ್ಚು ಹೆದರಬೇಕಾದದ್ದು ಮನೆಯ ಮೂಲೆಯ ಮದ್ದಿನ ಡಬ್ಬಿಗೆ.

ಈ ಅಪಾಯ ಹೊಸದಲ್ಲ. ಡಬ್ಬಿಯಿಂದ ಸುರಿಯುವ ಬದಲು ಒಂದು ಸಲಕ್ಕೆ ಬೇಕಾದಷ್ಟು ಮದ್ದು ಮತ್ತು ಗುಂಡನ್ನು ಕಾಗದದಲ್ಲಿ ಸುತ್ತಿ ಒಯ್ಯುವ ಪದ್ಧತಿ ಸೈನ್ಯಗಳಲ್ಲಿ ಬಂತು. 1857ರಲ್ಲಿ ಸಿಪಾಯಿಗಳು ಹಲ್ಲಿನಿಂದ ಕಚ್ಚಿ ಹರಿಯಬೇಕಾಗಿದ್ದ ಎನ್‌ಫೀಲ್ಡ್ ಬಂದೂಕಿನ ತೋಟಾ ಇಂಥದ್ದೇ. ಅದಕ್ಕೆ ಹಸು, ಹಂದಿಯ ಕೊಬ್ಬು ಸವರಿದ್ದಾರೆ ಎಂಬ ಸುದ್ದಿ ಬಾಯಿಂದ ಬಾಯಿಗೆ ಹಬ್ಬಿ ದಂಗೆಯ ಕಿಡಿ ಹೊತ್ತಿತು. ತೋಟಾದ ಬಗೆಗಿನ ಸುದ್ದಿಗೆ ಎಂಥ ಶಕ್ತಿ ಇದೆ ನೋಡಿ, ಆಗ ಮೊಬೈಲೂ ಇರಲಿಲ್ಲ!

ಲೈಸೆನ್ಸ್ ಇರುವ ನಾಡಬಂದೂಕು ಬಳಸುವವರು ನೆನಪಿಡಬೇಕಾದದ್ದು ಇಷ್ಟು. ಮದ್ದಿನ ಡಬ್ಬಿಯಿಂದ ನೇರವಾಗಿ ನಳಿಗೆಗೆ ಎಂದೂ ಸುರಿಯಬಾರದು. ಅಳತೆಯ ಬೇರೆ ಪಾತ್ರೆಯಿಂದಲೇ ಹಾಕಬೇಕು, ಅಷ್ಟು ಹೊತ್ತಿಗೆ ಡಬ್ಬಿ ಮುಚ್ಚಿ ದೂರ ಇರಬೇಕು. ಮದ್ದು ಮತ್ತು ಕೇಪು ಒಂದೇ ಚೀಲದಲ್ಲಿ ಬೇಡ. ಬೀಡಿ, ಕಡ್ಡಿಪೆಟ್ಟಿಗೆ ಹತ್ತಿರ ಬೇಡವೇ ಬೇಡ. ಮಳೆಗಾಲದಲ್ಲಿ ತೇವ ಹಿಡಿದ ಮದ್ದನ್ನು ಒಲೆಯ ಹತ್ತಿರ ಒಣಗಿಸುವುದಂತೂ ಮನೆಯವರನ್ನೆಲ್ಲ ಅಪಾಯಕ್ಕೆ ಒಡ್ಡಿದಂತೆ. ಹಾಳಾದ ಮದ್ದು, ತೋಟಾವನ್ನು ಬಾವಿಗೆ ಎಸೆಯಬೇಡಿ, ಹೊಲದಲ್ಲಿ ಹೂಳಬೇಡಿ. ಪೊಲೀಸ್ ಠಾಣೆಗೆ ತಿಳಿಸಿ, ಅವರು ಹೇಳಿದಂತೆ ಮಾಡಿ.

ಸಲಹೆ 7: "ಊರಿಗೆ ಹೋಗುವಾಗ ಬ್ಯಾಗಿನಲ್ಲಿ ಒಂದೆರಡು ತೋಟಾ ಉಳಿದರೆ ಏನೂ ಆಗುವುದಿಲ್ಲ."

ಸುಳ್ಳು. ಬ್ಯಾಗಿನಲ್ಲಿ "ಜೀವಂತ ಗುಂಡು" ಸಿಕ್ಕಿ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರನ್ನು ತಡೆದ ಸುದ್ದಿ ಆಗಾಗ ಪತ್ರಿಕೆಗಳಲ್ಲಿ ಬರುತ್ತದೆ. ಅನೇಕ ಸಲ ಕಥೆ ಒಂದೇ: ಬ್ಯಾಗು ಅಪ್ಪನದು, ಮಾವನದು, ಒಳಜೇಬಿನಲ್ಲಿ ತೋಟಾ ಇದ್ದದ್ದು ಗೊತ್ತಿರಲಿಲ್ಲ.

ಹುಬ್ಬಳ್ಳಿ, ಬೆಳಗಾವಿ ಯಾವ ನಿಲ್ದಾಣವಾದರೂ ಕೈಚೀಲದಲ್ಲಿ ತೋಟಾ ಸಂಪೂರ್ಣ ನಿಷಿದ್ಧ. ಲೈಸೆನ್ಸ್ ಇರುವವರು ಮೊದಲೇ ತಿಳಿಸಿ, ವಿಮಾನ ಸಂಸ್ಥೆಯ ಒಪ್ಪಿಗೆ ಪಡೆದು, ಭದ್ರವಾಗಿ ಪ್ಯಾಕ್ ಮಾಡಿ ಲಗೇಜಿನಲ್ಲಿ ಮಾತ್ರ ಒಯ್ಯಬಹುದು. ಅಂತಾರಾಷ್ಟ್ರೀಯ ನಿಯಮದ ಮಿತಿ ಒಬ್ಬರಿಗೆ 5 ಕಿಲೋ. ಕೆಲವು ಸಂಸ್ಥೆಗಳು ಇನ್ನೂ ಕಡಿಮೆ ಇಟ್ಟಿರಬಹುದು, ಕೆಲವು ಒಪ್ಪದೆಯೂ ಇರಬಹುದು. ಸಡಿಲ ಮದ್ದನ್ನು ವಿಮಾನದಲ್ಲಿ ಪ್ರಯಾಣಿಕರು ಒಯ್ಯುವಂತೆಯೇ ಇಲ್ಲ.

ಲೈಸೆನ್ಸ್ ಇಲ್ಲದವರ ಬಳಿ ಒಂದೇ ತೋಟಾ ಸಿಕ್ಕರೂ ಆಯುಧ ಕಾಯ್ದೆಯಡಿ ಪ್ರಕರಣ ದಾಖಲಾಗಬಹುದು. 2019ರ ತಿದ್ದುಪಡಿ ಆ ಶಿಕ್ಷೆಯನ್ನು ಹೆಚ್ಚಿಸಿದೆ. "ನನಗೆ ಗೊತ್ತೇ ಇರಲಿಲ್ಲ" ಎಂಬ ಮಾತಿಗೆ ಬೆಲೆಯೇ ಇಲ್ಲವೇ? ಇದೆ. ವಸ್ತು ತನ್ನ ಬಳಿ ಇದೆ ಎಂಬ ಅರಿವು ಇದ್ದರೆ ಮಾತ್ರ ಅದು ಅಪರಾಧದ ಅರ್ಥದಲ್ಲಿ "ಹೊಂದಿರುವುದು" ಎಂದು ಸುಪ್ರೀಂ ಕೋರ್ಟ್ ಹೇಳಿದೆ. 1972ರ ಗುನ್ವಂತ್‌ಲಾಲ್ ಪ್ರಕರಣ ಇದಕ್ಕೆ ಮುಖ್ಯ ಆಧಾರ. ನಿಜವಾಗಿಯೂ ಮರೆತವರ ವಿರುದ್ಧದ ಪ್ರಕರಣಗಳನ್ನು ಹೈಕೋರ್ಟ್‌ಗಳು ರದ್ದುಪಡಿಸಿದ್ದೂ ಇದೆ. ಆದರೆ ಅಷ್ಟರಲ್ಲಿ ವಿಮಾನ ಹೋಗಿರುತ್ತದೆ, ವಕೀಲರ ಫೀಸು ಹೋಗಿರುತ್ತದೆ, ನೆಮ್ಮದಿಯೂ ಹೋಗಿರುತ್ತದೆ.

ಹಾಗಾದರೆ ಸರಿಯಾದ ಕ್ರಮ ಯಾವುದು?

ಕಾನೂನುಬದ್ಧವಾಗಿ ತೋಟಾ ಒಯ್ಯುವವರು ನಮ್ಮಲ್ಲೂ ಇದ್ದಾರೆ. ಶೂಟಿಂಗ್ ಕ್ರೀಡಾಪಟುಗಳು, ಆತ್ಮರಕ್ಷಣೆ ಅಥವಾ ಬೆಳೆ ರಕ್ಷಣೆಯ ಲೈಸೆನ್ಸ್ ಇರುವವರು, ಬ್ಯಾಂಕಿನ ಕಾವಲುಗಾರರು. ಅವರಿಗೆ ಅನ್ವಯಿಸುವ ಕ್ರಮ ಹೀಗಿದೆ.

ಒಂದು, ಬಂದೂಕು ಖಾಲಿ ಇರಬೇಕು. ತೋಟಾ ಬೇರೆ, ಬಂದೂಕು ಬೇರೆ ಪ್ರಯಾಣ ಮಾಡಬೇಕು.

ಎರಡು, ತೋಟಾಗಳು ಒಂದಕ್ಕೊಂದು ಬಡಿಯದಂತೆ ಅಂಗಡಿಯ ಪೆಟ್ಟಿಗೆಯಲ್ಲೋ ಪ್ರತಿ ತೋಟಾಕ್ಕೂ ಬೇರೆ ಮನೆ ಇರುವ ಪಟ್ಟಿಯಲ್ಲೋ ಇರಬೇಕು. ಮಳೆ, ಬೆವರು ತಾಗದಂತೆ ಮುಚ್ಚಿರಬೇಕು. ಬರೀ ಜೇಬು ಬೇಡ.

ಮೂರು, ಲೈಸೆನ್ಸ್ ಪುಸ್ತಕ ಜೊತೆಗಿರಬೇಕು. ಲೈಸೆನ್ಸ್‌ದಾರರ ತೋಟಾವನ್ನು ಮಗನೋ ಅಳಿಯನೋ ಸುಮ್ಮನೆ "ತಂದುಕೊಡುವುದು" ಬೇಡ. ಲೈಸೆನ್ಸ್ ಇರುವುದು ವ್ಯಕ್ತಿಗೆ, ಮನೆತನಕ್ಕಲ್ಲ.

ನಾಲ್ಕು, ಎಣಿಸಿ ಒಯ್ಯಿರಿ, ಎಣಿಸಿ ತನ್ನಿ. ಹೊರಡುವಾಗ ಹತ್ತು ಇದ್ದರೆ ಮರಳುವಾಗ ಖಾಲಿ ಕವಚ ಮತ್ತು ಉಳಿದ ತೋಟಾ ಸೇರಿ ಹತ್ತೇ ಇರಬೇಕು. ಬಿದ್ದ ತೋಟಾ ಮಕ್ಕಳ ಕೈಗೆ ಸಿಗುವುದನ್ನೂ, ಮರೆತ ತೋಟಾ ವಿಮಾನ ನಿಲ್ದಾಣ ತಲುಪುವುದನ್ನೂ ಈ ಒಂದು ಅಭ್ಯಾಸ ತಡೆಯುತ್ತದೆ.

ಐದು, ಮನೆಯಲ್ಲಿ ತೋಟಾಕ್ಕೆ ಬೇರೆ ಬೀಗ, ಬಂದೂಕಿಗೆ ಬೇರೆ ಬೀಗ. ಹಳೆಯ ಬ್ಯಾಗು, ಜಾಕೆಟ್ಟು ಯಾರಿಗಾದರೂ ಕೊಡುವ ಮೊದಲು ಎಲ್ಲ ಜೇಬು ಹೊರಳಿಸಿ ನೋಡಿ.

ಕೊನೆಯ ಮಾತು

ಈ ಏಳು ಸಲಹೆಗಳಲ್ಲಿ ಒಂದೂ ಪೂರ್ತಿ ಸರಿಯಿಲ್ಲ. ಹಾಗೆಂದು ಇದನ್ನು ಹಂಚುವವರು ಕೆಟ್ಟವರೇನಲ್ಲ. ಹಂದಿ ಬೆಳೆ ತಿಂದದ್ದು ನಿಜ, ಹಲಗಲಿಯ ಹೆಮ್ಮೆ ನಿಜ, ಕೊಡಗಿನ ವಿನಾಯಿತಿ ನಿಜ. ನಿಜವಾದ ನೋವಿನ ಜೊತೆ ಬಂದ ಸುಳ್ಳನ್ನು ನಾವು ಬೇಗ ನಂಬುತ್ತೇವೆ. ಇಂಥ ಸಂದೇಶ ಬಂದಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಇದು ಯಾವ ದೇಶದ ನಿಯಮ? ಯಾವ ಕಾಯ್ದೆ ಎಂದು ಹೇಳಿದ್ದಾರೆಯೇ? ಇದನ್ನು ನಂಬಿ ನಡೆದವರ ಕೈ ಸುಟ್ಟರೆ, ಕೇಸಾದರೆ ಜವಾಬ್ದಾರಿ ಯಾರದು?

ಕಾಕಾಗೆ ನಾನು ಕಳಿಸಿದ ಉತ್ತರ ಚಿಕ್ಕದು: "ಕಾಕಾ, ಇದು ಖರೆ ಅಲ್ಲ. ಗ್ರೂಪಿಗೆ ಹಾಕಬ್ಯಾಡ್ರಿ. ಹಾಕೋದಾದ್ರ ನಿಮ್ಮ ಅಂಗೈ ಫೋಟೋ ಹಾಕ್ರಿ, ಅದು ಹೆಂಗಾತು ಅನ್ನೋದನ್ನೂ ಹೇಳ್ರಿ."

ಎರಡು ದಿನ ಉತ್ತರ ಬರಲಿಲ್ಲ, ಸಿಟ್ಟಾದರೇನೋ ಅಂದುಕೊಂಡೆ. ಮೂರನೇ ದಿನ ಅವರ ರೈತರ ಗ್ರೂಪಿನ ಸ್ಕ್ರೀನ್‌ಶಾಟ್ ಬಂತು. ಅಂಗೈಯ ಫೋಟೋ ಇತ್ತು. ಅದರ ಕೆಳಗೆ ಇಷ್ಟೇ ಬರೆದಿದ್ದರು: "ಡಬ್ಬಿಂದ ಸೀದಾ ಮದ್ದ ಸುರೀಬ್ಯಾಡ್ರಪಾ. ನಾ ಸುರದ ನೋಡೀನಿ."